ಗಂಟಲಿನ ಬಾಗಿಲು: ನಿದ್ರೆ, ಉಸಿರು ಮತ್ತು ಶಸ್ತ್ರದ ಚರಿತ್ರೆ

ಎರಡು ವರ್ಷಗಳ ಹಿಂದೆ ರಜೆ ಮುಗಿಸಿ ಊರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಮರಳುತ್ತಿದ್ದೆವು. ಕಲಬುರಗಿಯಲ್ಲಿ ಹತ್ತಿದ ಅಜ್ಜಿಯೊಬ್ಬರು ನಮ್ಮ ಎದುರಿನ ಬರ್ತಿನಲ್ಲಿದ್ದರು. ಮಗಳ ಬಾಣಂತನಕ್ಕೆಂದು ಹೊರಟವರು. ಎರಡನೆಯ ರಾತ್ರಿ ಕಳೆದು, ಗಾಡಿ ಮಥುರೆ ದಾಟಿದ ಮೇಲೆ ಚಹಾ ಕುಡಿಯುತ್ತ ಅವರು ಸಂಕೋಚದಿಂದಲೇ ಹೇಳಿದರು: "ಗೊರಕಿಗೆ ನನ್ನ ನಿದ್ದಿ ಕೆಡಲಿಲ್ರೀ. ಅದು ನಿಂತಾಗ ಕೆಡ್ತು. ಮತ್ತ ಉಸಿರು ಯಾವಾಗ ಬರ್ತದೋ ಅಂತ ಕುಂತು ಎಣಸ್ಕೋತ ಇದ್ದೆ ನೋಡ್ರಿ."

ಗೊರಕೆ ನಮ್ಮಿಬ್ಬರಲ್ಲಿ ಯಾರದೆಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಬಳಗದ ಗಮಕ ವಾಚನಗಳಿಗೆ ಬರುವವರಿಗೆ ಅದು ಗುಟ್ಟೂ ಅಲ್ಲ. ಹಾಡುವ ಗಂಟಲೇ ಗೊರಕೆಯ ಗಂಟಲು. ಇಪ್ಪತ್ತು ವರ್ಷಗಳ ದಾಂಪತ್ಯದಲ್ಲಿ ಇಂಥ ರೋಗ ಒಬ್ಬರದೇ ಆಗಿ ಉಳಿಯುವುದಿಲ್ಲ. ಒಬ್ಬರ ಉಸಿರು ನಿಂತರೆ ಇನ್ನೊಬ್ಬರ ನಿದ್ದೆ ನಿಲ್ಲುತ್ತದೆ. ಆದ್ದರಿಂದ ಈ ಬರಹದುದ್ದಕ್ಕೂ 'ನಾವು' ಎಂದೇ ಬರೆಯುತ್ತೇವೆ.

ದೆಹಲಿಗೆ ಬಂದ ಮೇಲೆ ನಿದ್ರಾ ಪರೀಕ್ಷೆ ನಡೆಯಿತು. ತಲೆಗೆ, ಎದೆಗೆ, ಬೆರಳಿಗೆ ತಂತಿಗಳನ್ನು ಅಂಟಿಸಿಕೊಂಡು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದ್ದಾಯಿತು. ಗಂಟೆಗೆ ಸರಾಸರಿ 38 ಬಾರಿ ಉಸಿರು ನಿಂತಿದೆ ಅಥವಾ ಕುಗ್ಗಿದೆ ಎಂದು ವರದಿ ಬಂತು. 5ರ ಒಳಗಿದ್ದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ತೀವ್ರ ಎಂಬುದು ಈ ಲೆಕ್ಕದ ಪದ್ಧತಿ. ಒಬ್ಬ ವೈದ್ಯರು ರಾತ್ರಿಯಿಡೀ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಸಿಪ್ಯಾಪ್ ಯಂತ್ರದ ಗಾಳಿಯಲ್ಲಿ ಮಲಗಬೇಕೆಂದರು. ಇನ್ನೊಬ್ಬರು, ಅವರು ಶಸ್ತ್ರವೈದ್ಯರು, ಅಂಗುಳಿನ ಸಡಿಲ ಭಾಗವನ್ನೂ ಕಿರುನಾಲಿಗೆಯನ್ನೂ ಕತ್ತರಿಸಿ ಹೊಲಿದರೆ ಯಂತ್ರದ ಹಂಗೇ ಬೇಡವೆಂದರು. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ತಮ್ಮ ಮಾತಿನಲ್ಲಿ ನಂಬಿಕೆಯಿತ್ತು. ನಿರ್ಧಾರ ಮಾತ್ರ ನಮ್ಮದೆಂದು ಕೈತೊಳೆದುಕೊಂಡರು.

ಕಡತ ಬಂದರೆ ಮೊದಲು ಅದರ ಹಿಂದಿನ ಟಿಪ್ಪಣಿಗಳನ್ನು ಓದುವುದು ಕಚೇರಿಯಲ್ಲಿ ನಮಗಾಗಿರುವ ರೂಢಿ. ಈ ಕಡತದ ಹಿಂದಿನ ಪುಟಗಳನ್ನೂ ಹಾಗೆಯೇ ತಿರುವಿದೆವು. ಅಲ್ಲಿ ಕಂಡದ್ದನ್ನು, ನಮ್ಮ ವಯಸ್ಸಿನ ಅನೇಕರ ಮನೆಗಳಲ್ಲಿ ಇದೇ ಪ್ರಶ್ನೆ ಇರಬಹುದೆಂಬ ಊಹೆಯಿಂದ, ಇಲ್ಲಿ ಬರೆದಿಡುತ್ತಿದ್ದೇವೆ.

ಮೊದಲು ದೇಹದ ಸಂಗತಿ. ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲಿನ ಭಾಗಕ್ಕೆ ತೆರೆದು ಹಿಡಿಯುವ ಎಲುಬಾಗಲಿ ಗಟ್ಟಿ ಉಂಗುರಗಳಾಗಲಿ ಇಲ್ಲ. ಅದು ಸ್ನಾಯುಗಳ ಒಂದು ಮೆತ್ತನೆಯ ಕೊಳವೆ. ಎಚ್ಚರವಿದ್ದಾಗ ಸ್ನಾಯುಗಳು ಬಿಗಿಯಾಗಿ ನಿಂತು ದಾರಿ ಕಾಯುತ್ತವೆ. ನಿದ್ದೆ ಬಂದೊಡನೆ ಅವು ಸಡಿಲಗೊಳ್ಳುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ದಾರಿ ಮೊದಲೇ ಕಿರಿದಾಗಿದ್ದವರಲ್ಲಿ ಒಳಗೆಳೆದ ಉಸಿರಿನ ಸೆಳೆತಕ್ಕೇ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎದೆ ಏದುತ್ತದೆ, ಗಾಳಿ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಕ್ಷಣಕಾಲ ಎಚ್ಚೆತ್ತು ಗಂಟಲನ್ನು ತೆರೆಸುತ್ತದೆ. ಮಲಗಿದವರಿಗೆ ಈ ಎಚ್ಚರದ ನೆನಪೇ ಇರುವುದಿಲ್ಲ. ಬೆಳಗ್ಗೆ ತಲೆಭಾರ, ಹಗಲೆಲ್ಲ ತೂಕಡಿಕೆ, ವರ್ಷಗಳು ಕಳೆದಂತೆ ರಕ್ತದೊತ್ತಡ. ಲೆಕ್ಕ ಹೀಗೆ ಚುಕ್ತಾ ಆಗುತ್ತದೆ. ಮಾತನಾಡಲು ಅನುಕೂಲವಾಗುವಂತೆ ಮನುಷ್ಯನ ಗಂಟಲು ಉದ್ದವೂ ಮೃದುವೂ ಆದದ್ದರ ಬೆಲೆಯೇ ಇದು ಎಂದು ಊಹಿಸುವ ವಿದ್ವಾಂಸರಿದ್ದಾರೆ. ಊಹೆ ನಿಜವಾದರೆ, ನುಡಿಯ ಮೇಲೆ ಪ್ರೀತಿಯಿರುವ ನಮ್ಮಂಥವರು ಈ ರೋಗದ ಮೇಲೆ ಹೆಚ್ಚು ಸಿಟ್ಟಾಗುವಂತಿಲ್ಲ.

ತೂಕಡಿಸುವವರನ್ನು ಲೋಕ ಎಂದೂ ರೋಗಿಯೆಂದು ಕಂಡಿಲ್ಲ. ನಮ್ಮಲ್ಲಿ ಕುಂಭಕರ್ಣನ ಹೆಸರು ಬೈಗುಳವಾಗಿಯೇ ಬಳಕೆಯಲ್ಲಿದೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಗೆ, ಸಂತೆಯಲ್ಲಿ ನಿದ್ದೆಹೋದವನು ರಾತ್ರಿ ಏನನ್ನು ಅನುಭವಿಸಿ ಬಂದಿದ್ದಾನೆಂಬುದು ಗೊತ್ತಿಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಕಪ್ಪುಸಮುದ್ರದ ತೀರದ ಹೆರಾಕ್ಲಿಯಾವನ್ನು ಆಳಿದ ಡಯೊನೀಸಿಯಸ್ ಅತಿ ಸ್ಥೂಲದೇಹಿಯಾಗಿದ್ದ. ಅವನು ಗಾಢನಿದ್ದೆಗೆ ಜಾರಿದಾಗ ಉದ್ದನೆಯ ತೆಳು ಸೂಜಿಗಳನ್ನು ಮೈಗೆ ಚುಚ್ಚಿ ಎಬ್ಬಿಸಬೇಕೆಂದು ವೈದ್ಯರು ವಿಧಿಸಿದ್ದರಂತೆ. ಸೂಜಿ ಕೊಬ್ಬನ್ನು ದಾಟಿ ಮಾಂಸವನ್ನು ಮುಟ್ಟುವವರೆಗೂ ಅವನಿಗೆ ಎಚ್ಚರವಾಗುತ್ತಿರಲಿಲ್ಲ ಎಂದು ಗ್ರೀಕ್ ಲೇಖಕ ಅಥೀನಿಯಸ್ ದಾಖಲಿಸಿದ್ದಾನೆ. ಇದನ್ನು ರಾಜನೊಬ್ಬನ ಭೋಗದ ಕಥೆಯಾಗಿ ಎರಡು ಸಾವಿರ ವರ್ಷ ಓದಿದವರು, ಆ ಸೂಜಿಗಳು ಒಂದು ಬಗೆಯ ಚಿಕಿತ್ಸೆಯಾಗಿದ್ದವೆಂದು ಯೋಚಿಸಲಿಲ್ಲ.

ನಾವೂ ಆ ಪೈಕಿಯೇ. ಎಂ.ಎ. ತರಗತಿಯಲ್ಲಿ ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್' ಓದುವಾಗ, ನಿಂತಲ್ಲೇ ನಿದ್ದೆಹೋಗುವ ಜೋ ಎಂಬ ದಢೂತಿ ಹುಡುಗನನ್ನು ಕಂಡು ನಕ್ಕಿದ್ದೆವು. 1836-37ರಲ್ಲಿ ಕಂತುಗಳಲ್ಲಿ ಪ್ರಕಟವಾದ ಆ ಕಾದಂಬರಿಯ ಹೆಸರು 1956ರಲ್ಲಿ ವೈದ್ಯಶಾಸ್ತ್ರವನ್ನು ಸೇರಿತು. ಅಮೆರಿಕದ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ಒಬ್ಬ ಸ್ಥೂಲಕಾಯದ ವ್ಯಾಪಾರಿಯ ವೃತ್ತಾಂತವನ್ನು ಪ್ರಕಟಿಸಿ, ಅವನ ಕಾಯಿಲೆಗೆ 'ಪಿಕ್‌ವಿಕಿಯನ್ ಸಿಂಡ್ರೋಮ್' ಎಂದು ಕರೆದರು. ಆತ ಇಸ್ಪೀಟಾಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಗೆ ಬಂದಿದ್ದರೂ ಆಡುವಷ್ಟರಲ್ಲಿ ನಿದ್ದೆಹೋದನಂತೆ! ಬಂದ ಗೆಲುವನ್ನು ನಿದ್ದೆಯಲ್ಲಿ ಕಳೆದುಕೊಂಡದ್ದೇ ಅವನನ್ನು ಆಸ್ಪತ್ರೆಗೆ ಕರೆತಂದಿತು. ತೂಕ ಇಳಿಸಿದಾಗ ಸುಧಾರಿಸಿದ. ಆದರೆ ತೂಕಡಿಕೆಯ ಮೂಲವನ್ನು ಆ ವೈದ್ಯರು ಹಗಲಿನ ರಕ್ತಪರೀಕ್ಷೆಯಲ್ಲಿ ಹುಡುಕಿದರು. ರಾತ್ರಿ ಅವನು ಮಲಗಿದಾಗ ಗಂಟಲಿನಲ್ಲಿ ಏನಾಗುತ್ತಿದೆಯೆಂದು ನೋಡಲಿಲ್ಲ.

ಹಾಗೆ ನೋಡಿದವರು 1965ರಲ್ಲಿ ಬಂದರು. ಫ್ರಾನ್ಸಿನ ಮಾರ್ಸೇಯ್ ನಗರದಲ್ಲಿ ಆನ್ರಿ ಗಾಸ್ತೋ ಮತ್ತು ಜೊತೆಗಾರರು, ಜರ್ಮನಿಯ ಫ್ರೈಬುರ್ಗ್‌ನಲ್ಲಿ ಯುಂಗ್ ಮತ್ತು ಕೂಲೊ, ಒಬ್ಬರಿಗೊಬ್ಬರು ತಿಳಿಯದೆ ಅದೇ ವರ್ಷ ರೋಗಿಗಳ ನಿದ್ದೆಯನ್ನೂ ಉಸಿರನ್ನೂ ಒಟ್ಟಿಗೆ ದಾಖಲಿಸಿದರು. ಉಸಿರು ಮತ್ತೆ ಮತ್ತೆ ನಿಲ್ಲುತ್ತಿದೆ, ಪ್ರತಿ ಸಲವೂ ನಿದ್ದೆ ಮುರಿಯುತ್ತಿದೆ ಎಂಬುದು ಕಾಗದದ ಮೇಲೆ ಕಂಡಿತು. ಕಲಬುರಗಿಯ ಅಜ್ಜಿ ರೈಲಿನಲ್ಲಿ ಕುಳಿತು ಮಾಡಿದ ಕೆಲಸವನ್ನೇ ಅವರು ಯಂತ್ರವಿಟ್ಟು ಮಾಡಿದ್ದರು.

ಕಾರಣ ತಿಳಿದ ನಾಲ್ಕು ವರ್ಷಕ್ಕೆ ಮೊದಲ ಶಸ್ತ್ರಚಿಕಿತ್ಸೆ ವರದಿಯಾಯಿತು. 1969ರಲ್ಲಿ ಅದೇ ಕೂಲೊ ಮತ್ತು ಸಂಗಡಿಗರು, ಗಂಟಲು ಮುಚ್ಚುವುದಾದರೆ ಅದರ ಕೆಳಗೆ ಬೇರೊಂದು ದಾರಿ ಮಾಡೋಣವೆಂದು ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಕೊರೆದು ಕೊಳವೆಯಿಟ್ಟರು. ಟ್ರೇಕಿಯಾಸ್ಟಮಿ ಎನ್ನುವ ಈ ಕ್ರಮದ ಫಲ ಬೆರಗು ಹುಟ್ಟಿಸುವಂತಿತ್ತು. ವರ್ಷಗಟ್ಟಲೆ ತೂಕಡಿಸಿದವರು ಕೆಲವೇ ದಿನಗಳಲ್ಲಿ ಹಗಲಿಡೀ ಎಚ್ಚರವಿರತೊಡಗಿದರು. ಇಟಲಿಯ ಬೊಲೋನ್ಯಾದಲ್ಲಿ ಎಲಿಯೊ ಲುಗಾರೆಸಿ ಅವರ ತಂಡವೂ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ತಿಯಾನ್ ಗಿಯೆಮಿನೊ ಅವರ ತಂಡವೂ ಇದನ್ನು ಮುಂದುವರಿಸಿದವು. ಸ್ಲೀಪ್ ಅಪ್ನಿಯಾ ಎಂಬ ಹೆಸರು 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಲೋಕಕ್ಕೆ ಹರಡಿತು. ಗ್ರೀಕ್ ಮೂಲದ ಅಪ್ನಿಯಾ ಎಂದರೆ ಉಸಿರಿಲ್ಲದಿರುವುದು, ಅಷ್ಟೆ.

ಆದರೆ ಕತ್ತಿನಲ್ಲಿ ರಂಧ್ರವಿಟ್ಟುಕೊಂಡು ಬದುಕುವುದು ಸುಲಭವೆ? ಹಗಲು ಅದನ್ನು ಮುಚ್ಚಿ ಮಾತನಾಡಬೇಕು, ರಾತ್ರಿ ತೆರೆದು ಮಲಗಬೇಕು. ದಿನವೂ ಶುಚಿಮಾಡಬೇಕು, ನೀರಿಗಿಳಿಯುವಂತಿಲ್ಲ, ನೆಂಟರೆದುರು ಕೊರಳು ಮುಚ್ಚಿಕೊಳ್ಳಬೇಕು. ರೋಗ ಪೂರ್ತಿ ವಾಸಿಯಾದರೂ ಬದುಕು ಬೇರೆಯೇ ಆಗುವ ಚಿಕಿತ್ಸೆ ಅದು. ಹನ್ನೆರಡು ವರ್ಷಗಳ ಕಾಲ ತೀವ್ರ ರೋಗಿಗಳ ಮುಂದಿದ್ದ ಮುಖ್ಯ ಉಪಾಯ ಇದೇ ಆಗಿತ್ತು. ಬೇಡವೆಂದವರು ಹಾಗೆಯೇ ತೂಕಡಿಸುತ್ತ ಉಳಿದರು.

ಅಂಗುಳಿನ ಶಸ್ತ್ರದ ಬೇರು ಇನ್ನೂ ಹಳೆಯದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಊದಿಕೊಂಡ ಕಿರುನಾಲಿಗೆಯನ್ನು, ಅದರ ಹೆಸರು ಗಲಶುಂಡಿಕೆ, ಹಿಡಿದು ಕತ್ತರಿಸುವ ವಿಧಾನವಿದೆ. ಅತಿಯಾಗಿ ಕತ್ತರಿಸಿದರೆ ರಕ್ತ ಹರಿದು ಸಾವು, ಕಡಿಮೆ ಕತ್ತರಿಸಿದರೆ ಊತ, ಜೊಲ್ಲು, ನಿದ್ದೆ, ತಲೆಸುತ್ತು ಎಂಬ ಎಚ್ಚರಿಕೆಯೂ ಅಲ್ಲಿದೆ. ಅಲ್ಲಿ ಹೇಳಿರುವುದು ನಮ್ಮ ರೋಗವನ್ನಲ್ಲ; ಹೆಮ್ಮೆಗೆಂದು ಅದನ್ನು ಇದಕ್ಕೆ ಜೋಡಿಸುವುದೂ ಬೇಡ. ಎಷ್ಟು ಕತ್ತರಿಸಬೇಕೆಂಬ ಪ್ರಶ್ನೆ ಈ ಅಂಗದ ಜೊತೆಗೇ ಹುಟ್ಟಿದ್ದೆಂಬುದನ್ನು ಮಾತ್ರ ಗಮನಿಸಿದರೆ ಸಾಕು.

ಗೊರಕೆಗಾಗಿಯೇ ಅಂಗುಳನ್ನು ತಿದ್ದುವ ಕ್ರಮವನ್ನು ಜಪಾನಿನ ತಾಕೆನೊಸುಕೆ ಇಕೆಮಾತ್ಸು 1964ರಲ್ಲಿ ಪ್ರಕಟಿಸಿದರು. ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿದ್ದ ಶಿರೋ ಫುಜಿತಾ ಅದೇ ದಾರಿಯನ್ನು ಅಪ್ನಿಯಾಕ್ಕೆ ವಿಸ್ತರಿಸಿದರು. ಟಾನ್ಸಿಲ್ ತೆಗೆದು, ಕಿರುನಾಲಿಗೆಯನ್ನೂ ಮೃದು ಅಂಗುಳಿನ ಅಂಚನ್ನೂ ಕತ್ತರಿಸಿ, ಉಳಿದದ್ದನ್ನು ಬಿಗಿಯಾಗಿ ಹೊಲಿಯುವ ಈ ಕ್ರಮಕ್ಕೆ ಅವರಿಟ್ಟ ಉದ್ದ ಹೆಸರನ್ನು ವೈದ್ಯರು ಯು.ಪಿ.ಪಿ.ಪಿ. ಎಂದು ಮೊಟಕುಗೊಳಿಸಿದ್ದಾರೆ. 12 ರೋಗಿಗಳ ಮೇಲಿನ ಅವರ ವರದಿ ಬಂದದ್ದು 1981ರಲ್ಲಿ. ನಮಗೆ ಸೂಚಿಸಿದ್ದು ಇದರ ಸಂತತಿಯನ್ನೇ.

ಅದೇ 1981ರ ಏಪ್ರಿಲ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇನ್ನೊಂದು ವರದಿ ಬಂತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಅದಕ್ಕೆ ಮೊದಲು ಕೆನಡಾದಲ್ಲಿ ನಾಯಿಗಳ ನಿದ್ದೆಯ ಉಸಿರಾಟವನ್ನು ಅಭ್ಯಾಸ ಮಾಡಿದ್ದರು. ನಾಯಿಯ ಮೂತಿಗೆ ಮಾಸ್ಕ್ ಮಾಡುವುದು ಅವರಿಗೆ ತಿಳಿದಿತ್ತು. 1980ರಲ್ಲಿ ಅವರ ಬಳಿಗೆ ಕಟ್ಟಡ ಕೆಲಸದ ಒಬ್ಬ ಕಾರ್ಮಿಕ ಬಂದ. ರೋಗ ತೀವ್ರವಾಗಿತ್ತು, ಕತ್ತಿನಲ್ಲಿ ರಂಧ್ರ ಕೊರೆಯಬೇಕೆಂದರು. ಆತ ಒಪ್ಪಲಿಲ್ಲ. ಆದರೆ ತನಗೇನಾಗಿದೆಯೆಂದು ತಿಳಿಯುವ ಕುತೂಹಲವಿತ್ತು; ಒಂದು ರಾತ್ರಿಯ ಪ್ರಯೋಗಕ್ಕೆ ಒಪ್ಪಿದ. ಧೂಳು ಹೀರುವ ಯಂತ್ರದ ಮೋಟಾರಿನಿಂದ ಗಾಳಿ ಊದುವ ವ್ಯವಸ್ಥೆ ಮಾಡಿ, ಅದನ್ನು ಮೂಗಿನ ಮಾಸ್ಕಿಗೆ ಜೋಡಿಸಿದರು. ಒತ್ತಡ ಏರಿಸುತ್ತಿದ್ದಂತೆ ಗಂಟಲು ತೆರೆದುಕೊಂಡಿತು, ಒತ್ತಡ ಇಳಿಸಿದರೆ ಮುಚ್ಚಿಕೊಂಡಿತು. ಆತ ಗಂಟೆಗಟ್ಟಲೆ ಗಾಢವಾಗಿ ಮಲಗಿ ಬೆಳಗ್ಗೆ ಚುರುಕಾಗಿ ಎದ್ದ. ಐವರು ರೋಗಿಗಳ ವರದಿಯಲ್ಲಿ ಬೇಕಾದ ಒತ್ತಡ ಕೇವಲ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಗಂಟಲಿನ ಬಾಗಿಲಿಗೆ ಕತ್ತಿ ಬೇಕಿರಲಿಲ್ಲ, ಗಾಳಿಯ ಒಂದು ಆನಿಕೆ ಸಾಕಾಗಿತ್ತು.

ಈ ಪುಟದಲ್ಲಿ ನಾವು ಬಹಳ ಹೊತ್ತು ನಿಂತೆವು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಚಿಕಿತ್ಸೆಯ ಮೊದಲ ರಾತ್ರಿಗೆ, ಒಬ್ಬ ಕೂಲಿಕಾರ ಶಸ್ತ್ರಚಿಕಿತ್ಸೆಗೆ 'ಬೇಡ' ಎಂದದ್ದು ಕಾರಣ. ಅವನು ವೈದ್ಯರಿಗೆ ಎದುರಾಡಿ ಎದ್ದುಹೋಗಲಿಲ್ಲ; ಬೇಡವೆಂದು ಹೇಳಿ ಅಲ್ಲೇ ಕುಳಿತ. ವೈದ್ಯರೂ ಹಾಗಾದರೆ ಹೋಗು ಎನ್ನಲಿಲ್ಲ. ವೈದ್ಯರ ಮುಂದೆ 'ನೀವು ಹೇಳಿದಂತೆ' ಎಂದು ತಲೆಯಾಡಿಸಿ ಬೆಳೆದ ನಮಗೆ ಇದು ದೊಡ್ಡ ಪಾಠವಾಗಿ ಕಂಡಿತು.

ಹೀಗೆ ಒಂದೇ ವರ್ಷದಲ್ಲಿ ಎರಡು ದಾರಿಗಳು ತೆರೆದುಕೊಂಡವು. ಮೊದಲಿಗೆ ಹೆಚ್ಚು ಜನ ಹೋದದ್ದು ಶಸ್ತ್ರದ ದಾರಿಯಲ್ಲಿ. ಅದಕ್ಕೆ ಕಾರಣವೂ ಸಹಜ. ಆರಂಭದ ಮಾಸ್ಕುಗಳನ್ನು ಒಬ್ಬೊಬ್ಬರ ಮುಖದ ಅಚ್ಚು ತೆಗೆದು ಮಾಡಬೇಕಿತ್ತು, ಪ್ರತಿ ರಾತ್ರಿ ಅಂಟು ಹಚ್ಚಿ ಕೂರಿಸಬೇಕಿತ್ತು, ಮೋಟಾರಿನ ಸದ್ದು ಗೊರಕೆಯನ್ನೇ ಮೀರಿಸುತ್ತಿತ್ತು. ಶಸ್ತ್ರಚಿಕಿತ್ಸೆಯಾದರೋ ಒಂದೇ ಸಲದ ಕೆಲಸ. ಪ್ಯಾರಿಸಿನ ಕಾಮಾಮಿ ಎಂಬ ವೈದ್ಯರು 1990ರಲ್ಲಿ ಲೇಸರ್ ಬಳಸಿ ಕ್ಲಿನಿಕ್ಕಿನ ಕುರ್ಚಿಯಲ್ಲೇ ಕೂರಿಸಿ ಅಂಗುಳು ತಿದ್ದುವ ವಿಧಾನ ಪ್ರಕಟಿಸಿದ ಮೇಲೆ ಅದರ ಆಕರ್ಷಣೆ ಇನ್ನೂ ಹೆಚ್ಚಿತು. ಮುಂದೆ ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯೇ ಅಪ್ನಿಯಾಕ್ಕೆ ಆ ಲೇಸರ್ ವಿಧಾನ ಬೇಡವೆಂದು ಮಾರ್ಗದರ್ಶನ ನೀಡಬೇಕಾಯಿತು.

ಲೆಕ್ಕ ಕೇಳುವ ಕಾಲ 1996ರಲ್ಲಿ ಬಂತು. ಷೆರ್ ಮತ್ತು ಜೊತೆಗಾರರು ಅದುವರೆಗೆ ಪ್ರಕಟವಾದ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಂಗುಳಿನ ಈ ಶಸ್ತ್ರ ಫಲಿಸಿದ್ದು ಶೇಕಡಾ 41ರಷ್ಟು ಜನರಲ್ಲಿ ಮಾತ್ರ. ಕಾರಣ ಗೂಢವಾದುದೇನಲ್ಲ. ಗಂಟಲು ಮುಚ್ಚುವ ಜಾಗ ಎಲ್ಲರಲ್ಲೂ ಅಂಗುಳಲ್ಲ. ಕೆಲವರಲ್ಲಿ ನಾಲಿಗೆಯ ಬುಡ, ಹಲವರಲ್ಲಿ ಎರಡೂ. ಫುಜಿತಾ ಅವರೇ ಹೀಗೆ ಮೂರು ಬಗೆಯಾಗಿ ವಿಂಗಡಿಸಿದ್ದರು. ಹಿತ್ತಲ ಬಾಗಿಲು ಕಚ್ಚಿಕೊಂಡಿರುವಾಗ ಮುಂಬಾಗಿಲನ್ನು ಅಗಲಿಸಿದರೆ ಮನೆಯೊಳಗೆ ಗಾಳಿ ಆಡುವುದಿಲ್ಲ.

ಇದಕ್ಕಿಂತ ಮುಖ್ಯವಾದುದು 'ಫಲಿಸಿತು' ಎಂಬ ಮಾತಿನ ಅರ್ಥ. ಶಸ್ತ್ರವೈದ್ಯರ ವರದಿಗಳಲ್ಲಿ ಹೆಚ್ಚಾಗಿ ಬಳಸುವ ಅಳತೆಯಂತೆ, ಗಂಟೆಯ ಲೆಕ್ಕ ಅರ್ಧಕ್ಕಿಳಿದು 20ರ ಒಳಗೆ ಬಂದರೆ ಅದು ಸಫಲ. ನಮ್ಮ 38 ಶಸ್ತ್ರದ ನಂತರ 18ಕ್ಕೆ ಇಳಿದರೆ ಆಸ್ಪತ್ರೆಯ ಪಟ್ಟಿಯಲ್ಲಿ ನಾವು ಗೆದ್ದವರು. ನಿದ್ರಾ ಪ್ರಯೋಗಾಲಯದ ಪಟ್ಟಿಯಲ್ಲಿ ಇನ್ನೂ ಮಧ್ಯಮ ತೀವ್ರತೆಯ ರೋಗಿಗಳು. ಎರಡೂ ಸುಳ್ಳಲ್ಲ. ಆದರೆ ವೈದ್ಯರು ಶೇಕಡಾ ಇಷ್ಟು ಎಂದಾಗ ಯಾವ ಪಟ್ಟಿಯಿಂದ ಓದುತ್ತಿದ್ದಾರೆಂದು ಕೇಳದೆ ಸಹಿ ಹಾಕುವುದು ಸರಿಯಲ್ಲ.

ಹಾಗೆಂದು ಗಾಳಿಯ ಪಕ್ಷದವರ ಲೆಕ್ಕ ಶುದ್ಧವೆಂದು ತಿಳಿಯುವಂತಿಲ್ಲ. ರಾತ್ರಿಗೆ 4 ಗಂಟೆಯಂತೆ ಹತ್ತರಲ್ಲಿ ಏಳು ರಾತ್ರಿ ಯಂತ್ರ ಬಳಸಿದರೆ ಅವರನ್ನು ನಿಷ್ಠಾವಂತ ಬಳಕೆದಾರರೆಂದು ಎಣಿಸುತ್ತಾರೆ; ಉಳಿದ ಗಂಟೆಗಳಲ್ಲಿ ಗಂಟಲು ತನ್ನ ಪಾಡಿಗೆ ಮುಚ್ಚುತ್ತಲೇ ಇರುತ್ತದೆ. 2016ರಲ್ಲಿ ಪ್ರಕಟವಾದ ಸೇವ್ ಎಂಬ ದೊಡ್ಡ ಅಧ್ಯಯನದಲ್ಲಿ ಹೃದ್ರೋಗ ಅಥವಾ ಪಾರ್ಶ್ವವಾಯುವಿನ ಹಿನ್ನೆಲೆಯಿದ್ದ 2,700ಕ್ಕೂ ಹೆಚ್ಚು ರೋಗಿಗಳಿದ್ದರು. ಯಂತ್ರ ಸಿಕ್ಕವರು ಅದನ್ನು ಸರಾಸರಿ ಬಳಸಿದ್ದು ರಾತ್ರಿಗೆ 3.3 ಗಂಟೆ. ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರಾಯಿತು. ಹೃದಯಾಘಾತ, ಪಾರ್ಶ್ವವಾಯುಗಳ ಸಂಖ್ಯೆ ಇಳಿಯಲಿಲ್ಲ. ಬೀರುವಿನ ಮೇಲೆ ಧೂಳು ಹಿಡಿದ ಯಂತ್ರ ಯಾರ ರೋಗವನ್ನೂ ವಾಸಿಮಾಡದು. ಶಸ್ತ್ರಚಿಕಿತ್ಸೆ ಅರ್ಧ ಫಲ ಕೊಟ್ಟರೂ ಆ ಅರ್ಧ ಪ್ರತಿ ರಾತ್ರಿಯೂ, ರಾತ್ರಿಯಿಡೀ ಇರುತ್ತದೆ. ಶಸ್ತ್ರದ ಪರವಾದ ಅತ್ಯಂತ ಗಟ್ಟಿ ವಾದ ಇದು. ಇದನ್ನು ನಾವು ಹಗುರವಾಗಿ ಕಾಣಲಿಲ್ಲ.

ಶಸ್ತ್ರವೈದ್ಯರೂ ಟೀಕೆಯಿಂದ ಕಲಿತರು. 1991ರಲ್ಲಿ ಲಂಡನ್ನಿನ ಕ್ರಾಫ್ಟ್ ಮತ್ತು ಪ್ರಿಂಗಲ್, ರೋಗಿಗೆ ಔಷಧದಿಂದ ನಿದ್ದೆ ಬರಿಸಿ ಮೂಗಿನ ಮೂಲಕ ಸಣ್ಣ ದರ್ಶಕವಿಳಿಸಿ, ಗಂಟಲು ಎಲ್ಲಿ ಮುಚ್ಚುತ್ತದೆಂದು ಕಣ್ಣಾರೆ ನೋಡುವ ಕ್ರಮ ತಂದರು. ಷಿಕಾಗೋದ ಮೈಕೆಲ್ ಫ್ರೀಡ್‌ಮನ್ 2002ರಲ್ಲಿ ಬಾಯಿ ತೆರೆಸಿ ನೋಡಿಯೇ ಫಲವನ್ನು ಅಂದಾಜಿಸುವ ಸರಳ ವಿಂಗಡಣೆ ಕೊಟ್ಟರು. ಟಾನ್ಸಿಲ್ ದೊಡ್ಡದಿದ್ದು ನಾಲಿಗೆ ತಗ್ಗಿನಲ್ಲಿದ್ದರೆ ಮೊದಲ ಹಂತ, ಟಾನ್ಸಿಲ್ ಚಿಕ್ಕದಿದ್ದು ನಾಲಿಗೆ ಅಂಗುಳನ್ನು ಮರೆಮಾಡಿದ್ದರೆ ಮೂರನೆಯ ಹಂತ. ಅವರ ರೋಗಿಗಳಲ್ಲಿ ಮೊದಲ ಹಂತದವರಿಗೆ ಅಂಗುಳಿನ ಶಸ್ತ್ರ ಫಲಿಸಿದ್ದು ಶೇಕಡಾ 80.6, ಎರಡನೆಯ ಹಂತದಲ್ಲಿ 37.9, ಮೂರನೆಯದರಲ್ಲಿ 8.1. ಒಂದೇ ಶಸ್ತ್ರ, ಒಂದೇ ಕೈ. ಗಂಟಲು ಮಾತ್ರ ಬೇರೆ.

ಸ್ಟ್ಯಾನ್‌ಫರ್ಡ್‌ನ ರೈಲಿ ಮತ್ತು ಪವೆಲ್ ದವಡೆಗಳನ್ನೇ ಕತ್ತರಿಸಿ ಸುಮಾರು ಒಂದು ಸೆಂಟಿಮೀಟರ್ ಮುಂದಕ್ಕೆ ತಂದು ಕೂರಿಸುವ ದೊಡ್ಡ ಶಸ್ತ್ರವನ್ನು 1980ರ ದಶಕದಲ್ಲಿ ಬೆಳೆಸಿದರು. 2010ರ ಒಂದು ಸಮೀಕ್ಷೆಯಲ್ಲಿ ಅದರ ಸಫಲತೆ ಶೇಕಡಾ 86 ಎಂದಿದೆ. ಆದರೆ ಲೆಕ್ಕ 5ರ ಒಳಗಿಳಿದು ಪೂರ್ತಿ ವಾಸಿಯಾದವರು ಶೇಕಡಾ 43. ಇತ್ತೀಚಿನ ವರ್ಷಗಳಲ್ಲಿ ಅಂಗುಳಿನ ಶಸ್ತ್ರವೂ ಕತ್ತರಿಸಿ ಎಸೆಯುವುದರಿಂದ ಸ್ನಾಯುವನ್ನು ಸ್ಥಳ ಬದಲಿಸಿ ಹೊಲಿಯುವುದರತ್ತ ಹೊರಳಿದೆ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಯಂತ್ರ ಒಗ್ಗದ 102 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಅಂಗುಳು, ನಾಲಿಗೆ ಎರಡಕ್ಕೂ ಶಸ್ತ್ರ ಮಾಡಿಸಿಕೊಂಡವರ ಲೆಕ್ಕ ಆರು ತಿಂಗಳಲ್ಲಿ 47.9ರಿಂದ 20.8ಕ್ಕೆ ಇಳಿಯಿತು, ಉಳಿದವರದು 45.3ರಿಂದ 34.5ಕ್ಕೆ. ಯಂತ್ರವನ್ನು ತಾಳಲಾಗದವರಿಗೆ ಇದು ನಿಜವಾದ ಆಸರೆ. 2014ರಲ್ಲಿ ಅಮೆರಿಕ ಒಪ್ಪಿಗೆಯಿತ್ತ ಇನ್ನೊಂದು ಉಪಾಯದಲ್ಲಿ ಎದೆಯ ಚರ್ಮದಡಿ ಇಟ್ಟ ಪುಟ್ಟ ಉಪಕರಣ ನಿದ್ದೆಯಲ್ಲಿ ನಾಲಿಗೆಯ ನರವನ್ನು ಪ್ರಚೋದಿಸುತ್ತದೆ. 2024ರ ಕೊನೆಗೆ ತೂಕ ಇಳಿಸುವ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೂ, ಸ್ಥೂಲಕಾಯವುಳ್ಳ ರೋಗಿಗಳಿಗಾಗಿ, ಅಲ್ಲಿ ಒಪ್ಪಿಗೆ ಸಿಕ್ಕಿತು.

ಇದೆಲ್ಲ ಪರದೇಶದ ಮಾತೆಂದು ತೋರಬಹುದು. 1993ರಲ್ಲಿ ವಿಸ್ಕಾನ್ಸಿನ್ ರಾಜ್ಯದ 602 ಸರ್ಕಾರಿ ನೌಕರರನ್ನು, ನಮ್ಮಂತೆಯೇ ಕಡತದ ಮೇಲೆ ತೂಕಡಿಸುವವರನ್ನು, ಪರೀಕ್ಷಿಸಿದಾಗ ನಡುವಯಸ್ಸಿನ ಗಂಡಸರಲ್ಲಿ ಶೇಕಡಾ 24, ಹೆಂಗಸರಲ್ಲಿ ಶೇಕಡಾ 9 ಜನರ ಲೆಕ್ಕ 5ನ್ನು ಮೀರಿತ್ತು. 2004ರಲ್ಲಿ ಮುಂಬಯಿಯ ನಡುವಯಸ್ಸಿನ ಗಂಡಸರ ಅಧ್ಯಯನದಲ್ಲಿ ಶೇಕಡಾ 19.5 ಜನರಿಗೆ ಈ ತೊಂದರೆ, ಹಗಲಿನ ತೂಕಡಿಕೆಯೂ ಸೇರಿದರೆ 7.5. 2006ರ ದೆಹಲಿಯ ಅಧ್ಯಯನದಲ್ಲೂ ಇದು ಅಪರೂಪದ ರೋಗವಲ್ಲವೆಂದೇ ಕಂಡಿತು. ಡಿಕನ್ಸ್‌ನ ದಪ್ಪ ಹುಡುಗನ ಚಿತ್ರ ನಮ್ಮನ್ನು ದಾರಿತಪ್ಪಿಸುವುದು ಇಲ್ಲಿಯೇ. ಮುಖದ ಎಲುಬಿನ ರಚನೆಯಿಂದಾಗಿ ಏಷ್ಯಾದವರಲ್ಲಿ ಹೆಚ್ಚು ತೂಕವಿಲ್ಲದವರಿಗೂ ಈ ರೋಗ ಬರುತ್ತದೆ. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಮುಂಬಯಿಯಲ್ಲಿ ತೀರಿಕೊಂಡಾಗ ವೈದ್ಯರು ಈ ರೋಗದ ಹೆಸರು ಹೇಳಿದ್ದರಿಂದ ಹಲವರು ಮೊದಲ ಸಲ ಅದನ್ನು ಕೇಳಿದರು.

ಮಕ್ಕಳ ಮಾತು ಬೇರೆ. 1889ರಲ್ಲೇ ಲಂಡನ್ನಿನ ವೈದ್ಯ ವಿಲಿಯಂ ಹಿಲ್, ಶಾಲೆಯಲ್ಲಿ ದಡ್ಡರೆನಿಸಿಕೊಂಡ ಕೆಲವು ಮಕ್ಕಳ ಮೂಗು ಗಂಟಲುಗಳು ಕಟ್ಟಿರುವುದೇ ಅದಕ್ಕೆ ಕಾರಣವಿರಬಹುದೆಂದು ಬರೆದಿದ್ದ. 2013ರಲ್ಲಿ 464 ಮಕ್ಕಳ ಅಧ್ಯಯನದಲ್ಲಿ, ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆದವರಲ್ಲಿ ಶೇಕಡಾ 79 ಮಕ್ಕಳ ನಿದ್ರಾ ಪರೀಕ್ಷೆ ಸಹಜಕ್ಕೆ ಮರಳಿತು. ಕಾದು ನೋಡಿದವರಲ್ಲಿ ಶೇಕಡಾ 46. ಗಮನದ ಪರೀಕ್ಷೆಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದಿದ್ದರೂ ನಡವಳಿಕೆ, ನೆಮ್ಮದಿ ಸುಧಾರಿಸಿದ್ದವು. ಶಸ್ತ್ರವೆಂದರೆ ಬೇಡವೇ ಬೇಡ ಎಂಬ ಹಟ ಇಲ್ಲಿ ಸಲ್ಲದು. ಕಾಯಲೂಬಹುದು ಎಂಬ ಮಾತನ್ನೂ ಇದೇ ಅಂಕಿಗಳು ಹೇಳುತ್ತವೆ.

ಇನ್ನು ನಮ್ಮ ಗಂಟಲಿಗೆ ಬರೋಣ. ಭಯ ಎರಡಿತ್ತು. ಒಂದು ಜೀವದ್ದು. ಅಂಗುಳಿನ ಶಸ್ತ್ರವಾದ 3,130 ಜನರ ಅಮೆರಿಕದ ದಾಖಲೆಯಲ್ಲಿ ಗಂಭೀರ ತೊಡಕು ಶೇಕಡಾ 1.5, ತಿಂಗಳೊಳಗಿನ ಸಾವು ಶೇಕಡಾ 0.2. ಸಣ್ಣ ಸಂಖ್ಯೆ, ಆದರೆ ಮಲಗಿದರೆ ಗಂಟಲು ಮುಚ್ಚುವವರಿಗೆ ಅರಿವಳಿಕೆ ಕೊಡುವಾಗಲೂ ಎಚ್ಚರಿಸುವಾಗಲೂ ವಿಶೇಷ ಎಚ್ಚರ ಬೇಕು. ಎರಡನೆಯದು ದನಿಯ ಭಯ. ಮೃದು ಅಂಗುಳು ಮೇಲೆದ್ದು ಮೂಗಿನ ದಾರಿ ಮುಚ್ಚಿದರೆ ಕಕಾರ, ಇಳಿದು ದಾರಿ ಬಿಟ್ಟರೆ ಙಕಾರ. ಅನುನಾಸಿಕವೆಂದು ವ್ಯಾಕರಣದಲ್ಲಿ ಓದಿದ್ದು ಈ ಮಾಂಸದ ಪರದೆಯ ಚಲನೆಯನ್ನೇ. ಹೆಚ್ಚು ಕತ್ತರಿಸಿದರೆ ಕುಡಿದ ನೀರು ಮೂಗಿಗೆ ಬರಬಹುದು, ಮಾತು ಮೂಗಿನಲ್ಲಿ ಸೋರಬಹುದು. ಬಹುಮಟ್ಟಿಗೆ ಇದು ಕೆಲಕಾಲದ್ದು, ಕೆಲವರಲ್ಲಿ ಉಳಿಯುತ್ತದೆ. ಶಸ್ತ್ರವೈದ್ಯರನ್ನು ಕೇಳಿದೆವು: "ಗಮಕ ಹಾಡುವ ಗಂಟಲು. ಹಾಡಿಕೆಗೆ ಏನಾಗುತ್ತದೆ?" ಅವರು ಸ್ವಲ್ಪ ಯೋಚಿಸಿ, ಹಾಡುವವರ ಅನುಭವ ತಮಗೆ ಹೆಚ್ಚಿಲ್ಲ ಎಂದರು. ಆ ಪ್ರಾಮಾಣಿಕತೆಗೆ ನಾವು ಇಂದಿಗೂ ಋಣಿ.

ಆಮೇಲೆ ನಮ್ಮ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆವು. ನಮ್ಮ ಗಂಟಲು ಮುಚ್ಚುವುದು ಎಲ್ಲಿ? ಅದನ್ನು ನಿದ್ದೆಯಲ್ಲಿ ನೋಡಿದ್ದೀರಾ? ಸಫಲವೆಂದರೆ ಯಾವ ಅಂಕಿ? ಫಲಿಸದಿದ್ದರೆ ಯಂತ್ರಕ್ಕೆ ಮರಳಬಹುದೇ? ಅವರು ಬಾಯಿ ತೆರೆಸಿ ಮತ್ತೆ ನೋಡಿದರು. ಟಾನ್ಸಿಲ್ ಇಲ್ಲವೆನ್ನುವಷ್ಟು ಚಿಕ್ಕದು, ನಾಲಿಗೆ ಎತ್ತರ, ಅಂಗುಳಿನ ಅಂಚೂ ಕಾಣುವುದಿಲ್ಲ. ಫ್ರೀಡ್‌ಮನ್‌ನ ಮೂರನೆಯ ಹಂತ. ನೂರರಲ್ಲಿ ಎಂಟರ ಆಸೆಗೆ ದನಿಯನ್ನು ಒತ್ತೆಯಿಡುವುದು ಬೇಡವೆನಿಸಿತು. ಅವರೂ ಒಪ್ಪಿದರು. ಜೊತೆಗೆ ಇನ್ನೊಂದನ್ನು ಕಂಡರು: ಮೂಗಿನ ನಡುಗೋಡೆ ಡೊಂಕು. ಅದನ್ನು ನೇರಮಾಡಿದರೆ ಅಪ್ನಿಯಾ ಹೋಗುವುದಿಲ್ಲ, ಆದರೆ ಮಾಸ್ಕಿನ ಗಾಳಿ ಸಲೀಸಾಗಿ ಒಳಹೋಗುತ್ತದೆ, ಯಂತ್ರ ತಾಳಿಕೊಳ್ಳುವುದು ಸುಲಭವಾಗುತ್ತದೆ ಎಂದರು. ಆ ಚಿಕ್ಕ ಶಸ್ತ್ರವನ್ನು ಮಾಡಿಸಿದೆವು. ಹೀಗೆ ನಮ್ಮಲ್ಲಿ ಕತ್ತಿ ಗಾಳಿಗೆ ಎದುರಾಳಿಯಾಗದೆ ಅದರ ಸೇವಕನಾಯಿತು.

ಯಂತ್ರದ ಮೊದಲ ತಿಂಗಳು ಕಷ್ಟದ್ದೇ. ಮೂಗು ಒಣಗುತ್ತಿತ್ತು, ಪಟ್ಟಿಯ ಗುರುತು ಕೆನ್ನೆಯ ಮೇಲೆ ಉಳಿಯುತ್ತಿತ್ತು, ಮಧ್ಯರಾತ್ರಿ ಮಾಸ್ಕ್ ಕಿತ್ತೆಸೆದದ್ದೂ ಉಂಟು. ಮೂರು ತಿಂಗಳಲ್ಲಿ ಬಳಕೆ ರಾತ್ರಿಗೆ ಆರು ಗಂಟೆಗೆ ಬಂತು. ಗಂಟೆಗೆ 38 ಇದ್ದದ್ದು ಯಂತ್ರದ ಎಣಿಕೆಯಲ್ಲಿ ಈಗ 3ರ ಆಸುಪಾಸು. ಇನ್ನೊಬ್ಬರ ಗಂಟಲಿಗೆ ಇದೇ ಉತ್ತರವೆಂದು ನಾವು ಹೇಳಲಾರೆವು. ಯಂತ್ರವನ್ನು ಪ್ರಾಮಾಣಿಕವಾಗಿ ಪ್ರಯತ್ನಿಸಿ ಸೋತವರಿಗೆ, ಟಾನ್ಸಿಲ್ ದೊಡ್ಡದಿದ್ದವರಿಗೆ, ದವಡೆ ಹಿಂದಿರುವವರಿಗೆ ಶಸ್ತ್ರವೇ ಸರಿಯಾದ ದಾರಿಯಾಗಿರಬಹುದು. ಚರಿತ್ರೆ ನಮಗೆ ಕೊಟ್ಟದ್ದು ಉತ್ತರವನ್ನಲ್ಲ, ಕೇಳಬೇಕಾದ ಪ್ರಶ್ನೆಗಳನ್ನು. ಮತ್ತು 'ಬೇಡ' ಎಂದು ಹೇಳಿ ಅಲ್ಲೇ ಕುಳಿತಿರುವ ಧೈರ್ಯವನ್ನು.

ಈ ದಸರೆಗೆ ಊರಿಗೆ ಹೋಗುವಾಗ ಯಂತ್ರವೂ ಚೀಲದಲ್ಲಿತ್ತು. ರೈಲಿನ ಪ್ಲಗ್ಗಿಗೆ ಅದನ್ನು ಜೋಡಿಸುವಾಗ ಮೇಲಿನ ಬರ್ತಿನ ಹುಡುಗ ಬಗ್ಗಿ ನೋಡಿ ಇದೇನೆಂದು ಕೇಳಿದ. ಹೇಳಿದೆವು. ಮಧ್ಯರಾತ್ರಿ ನಮ್ಮಿಬ್ಬರಲ್ಲಿ ಒಬ್ಬರಿಗೆ ಹಳೆಯ ರೂಢಿಯಂತೆ ಎಚ್ಚರವಾಯಿತು. ಕಿವಿಗೊಟ್ಟು ಎಣಿಸಲು ತೊಡಗಿದರೆ ಎಣಿಕೆ ಎಲ್ಲೂ ತಡೆಯಲಿಲ್ಲ. ಉಸಿರು ಹೋಯಿತು, ಬಂತು, ಹೋಯಿತು, ಬಂತು. ಎಷ್ಟಕ್ಕೆ ನಿಂತೆವೋ ನೆನಪಿಲ್ಲ. ಎದ್ದಾಗ ಬೆಳಕಾಗಿತ್ತು.